ಕೈಯೊಳಗಿನ ನಾಣ್ಯ, ಪರದೆ ಹಿಂದಿನ ದನಿ

ಏಳನೇ ತರಗತಿಯ ಹುಡುಗನೊಬ್ಬ ಗಣಿತದ ಮೇಷ್ಟರ ಮೇಜಿನ ಹತ್ತಿರ ಬಂದು ನಿಲ್ಲುತ್ತಾನೆ. ‘ಸಾರ್, ಒಂದು ಮೂರಂಕಿ ಸಂಖ್ಯೆ ಬರ್ಕೊಳಿ. ನಂಗೆ ತೋರಿಸ್ಬೇಡಿ. ಮೊದಲ್ನೇ ಅಂಕಿಗೂ ಕೊನೇ ಅಂಕಿಗೂ ಎರಡಾದ್ರೂ ವ್ಯತ್ಯಾಸ ಇರ್ಲಿ.’ ಮೇಷ್ಟರು 752 ಬರೆದುಕೊಂಡರು ಅನ್ನಿ. ‘ಈಗ ಅದನ್ನ ಹಿಂದುಮುಂದು ಮಾಡಿ ಬರ್ದು, ದೊಡ್ಡದ್ರಲ್ಲಿ ಚಿಕ್ಕದನ್ನ ಕಳೀರಿ.’ 752ರಲ್ಲಿ 257 ಹೋದರೆ 495. ‘ಆ ಉತ್ತರಾನೂ ಹಿಂದುಮುಂದು ಬರ್ದು ಎರಡನ್ನೂ ಕೂಡಿ ಸಾರ್.’ 495ಕ್ಕೆ 594 ಕೂಡಿದರೆ 1089. ಹುಡುಗ ಚಡ್ಡಿ ಜೇಬಿನಿಂದ ಬೆಳಿಗ್ಗೆಯೇ ಮಡಿಸಿಟ್ಟುಕೊಂಡಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ಬಿಡಿಸಿ ನೋಡಿದರೆ ಅಲ್ಲೂ 1089.

ಇದರ ಗುಟ್ಟು ಸಲೀಸು. ಮೂರಂಕಿ ಸಂಖ್ಯೆಯನ್ನು ಹಿಂದುಮುಂದು ಮಾಡಿ ಕಳೆದಾಗ ಉಳಿಯುವುದು ಯಾವತ್ತೂ 99ರ ಮಗ್ಗಿಯೊಳಗಿನ ಸಂಖ್ಯೆಯೇ: 198, 297, 396, 495, 594, ಹೀಗೆ. ಇವುಗಳ ನಡುವಿನ ಅಂಕಿ ಸದಾ 9, ಎರಡು ತುದಿಯ ಅಂಕಿಗಳನ್ನು ಕೂಡಿದರೂ 9. ತಿರುಗಿಸಿ ಕೂಡಿದಾಗ ಬಿಡಿಸ್ಥಾನದಲ್ಲಿ 9, ಹತ್ತರ ಸ್ಥಾನದಲ್ಲಿ 18, ನೂರರ ಸ್ಥಾನದಲ್ಲಿ 9. ಅಲ್ಲಿಗೆ 1089 ಬಿಟ್ಟು ಬೇರೆ ಉತ್ತರ ಬರಲು ದಾರಿಯೇ ಇಲ್ಲ. ಮೇಷ್ಟರಿಗೆ ಇದು ಮೊದಲೇ ಗೊತ್ತಿದ್ದರೂ ಇರಬಹುದು. ಗೊತ್ತಿದ್ದರೆ ಅವರು ಬಾಯಿ ಬಿಡದೆ ಹುಬ್ಬೇರಿಸಿ ಕೂರಬೇಕು. ಅಷ್ಟು ನಾಟಕವಾಡಲು ಬಾರದವರು ಶಾಲೆಗೆ ಪಾಠ ಮಾಡಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಶಾಲೆಯಲ್ಲಿ ಪ್ರಶ್ನೆ ಕೇಳುವವರು ದೊಡ್ಡವರು. ಉತ್ತರ ಗೊತ್ತಿರುವವರೂ ಅವರೇ. ತಿಳಿದವರ ಎದುರು ತಿಳಿಯದವರಾಗಿ ನಿಲ್ಲುವುದರಲ್ಲೇ ಮಕ್ಕಳ ಹತ್ತು ಹನ್ನೆರಡು ವರ್ಷ ಕಳೆದುಹೋಗುತ್ತದೆ. ಜಾದೂ ಮಾಡುವ ಮಗು ಆ ಕ್ರಮವನ್ನು ಐದೇ ನಿಮಿಷ ತಲೆಕೆಳಗು ಮಾಡುತ್ತದೆ: ಈಗ ಗೊತ್ತಿರುವುದು ಅದಕ್ಕೆ, ತಬ್ಬಿಬ್ಬಾಗುವವರು ನಾವು. ಗೊಂಬೆಯಾಟ ಇದೇ ಕೆಲಸವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತದೆ. ಕೈಗೆ ಗೊಂಬೆ ತೊಟ್ಟ ಹುಡುಗಿ ಏನು ಹೇಳಿದರೂ ಅದು ಗೊಂಬೆಯ ಮಾತು. ಬೈಸಿಕೊಳ್ಳುವುದಿದ್ದರೆ ಗೊಂಬೆ ಬೈಸಿಕೊಳ್ಳಲಿ.

ಆದರೆ ನಮ್ಮ ಶಾಲೆಗಳಲ್ಲಿ ಆಗುತ್ತಿರುವುದೇನು? ವಾರ್ಷಿಕೋತ್ಸವಕ್ಕೋ ಮಕ್ಕಳ ದಿನಾಚರಣೆಗೋ ಹೊರಗಿನ ಜಾದೂಗಾರರೊಬ್ಬರು ಬರುತ್ತಾರೆ. ಖಾಲಿ ಡಬ್ಬಿಯಿಂದ ಪಾರಿವಾಳ ತೆಗೆಯುತ್ತಾರೆ, ಮುಖ್ಯ ಶಿಕ್ಷಕರ ಕಿವಿಯಿಂದ ನಾಣ್ಯ ಉದುರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಲ್ಲವೇ ಇಲಾಖೆಯ ಯಾವುದೋ ಜಾಗೃತಿ ಕಾರ್ಯಕ್ರಮಕ್ಕೆ ಗೊಂಬೆಯಾಟದ ತಂಡ ಬಂದು ಕೈ ತೊಳೆಯುವ ಪಾಠ ಹೇಳಿ ಹೋಗುತ್ತದೆ. ನೋಡುವುದರಲ್ಲಿ ತಪ್ಪಿಲ್ಲ, ನೋಡಿಯೇ ಎಲ್ಲರೂ ಮರುಳಾಗುವುದು. ಆದರೆ ಈ ಎರಡೂ ಕಲೆಗಳ ಫಲ ಸಿಗುವುದು ನೋಡುವವರಿಗಿಂತ ಮಾಡುವವರಿಗೆ. ಪ್ರತಿಭಾ ಕಾರಂಜಿಯಲ್ಲಿ ಮಿಮಿಕ್ರಿಗೆ, ಛದ್ಮವೇಷಕ್ಕೆ ಮಕ್ಕಳನ್ನು ತಿಂಗಳುಗಟ್ಟಲೆ ತಯಾರು ಮಾಡುವ ನಾವು ಒಂದು ನಾಣ್ಯವನ್ನೋ ಒಂದು ಕಾಲುಚೀಲವನ್ನೋ ಅವರ ಕೈಗೆ ಕೊಟ್ಟು ನೋಡುವುದಿಲ್ಲ.

ನಾಣ್ಯದಿಂದಲೇ ಶುರು ಮಾಡೋಣ. ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಇದಕ್ಕೆ ಹೇಳಿ ಮಾಡಿಸಿದ್ದು. ಈಗಿನ ಒಂದು ರೂಪಾಯಿ ತೀರ ಸಣ್ಣದು, ಬೆವತ ಕೈಯಲ್ಲಿ ಜಾರುತ್ತದೆ. ಎಡಗೈ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯ ನಡುವೆ ನಾಣ್ಯದ ಅಂಚು ಹಿಡಿದು, ಅಂಗೈ ಮೇಲೆ ಮಾಡಿ ತೋರಿಸಬೇಕು. ಬಲಗೈ ಅದನ್ನು ಎತ್ತಿಕೊಳ್ಳಲೆಂದು ಬರುತ್ತದೆ. ಬಲಗೈ ಹೆಬ್ಬೆರಳು ನಾಣ್ಯದ ಕೆಳಗೆ, ಉಳಿದ ಬೆರಳುಗಳು ಮುಂದೆ. ನೋಡುವವರಿಗೆ ಆ ಕ್ಷಣ ನಾಣ್ಯ ಮರೆಯಾಗುತ್ತದೆ. ಅಷ್ಟರಲ್ಲೇ ಎಡಗೈ ಹೆಬ್ಬೆರಳು ತುಸು ಸಡಿಲವಾಗಿ ನಾಣ್ಯ ಎಡ ಅಂಗೈಗೇ ಬೀಳುತ್ತದೆ. ಬಲಗೈ ಮುಷ್ಟಿ ಕಟ್ಟಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಎಡಗೈ ಏನೂ ನಡೆದಿಲ್ಲವೆಂಬಂತೆ ಸೊಂಟದ ಬಳಿ ಇಳಿಯುತ್ತದೆ.

ಕೈಯ ಕೆಲಸ ಇಷ್ಟೇ. ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಬಾರದಿರುವುದು ಕಣ್ಣಿನ ಕೆಲಸ. ಹೊಸದಾಗಿ ಕಲಿತ ಮಕ್ಕಳೆಲ್ಲ ಒಂದೇ ತಪ್ಪು ಮಾಡುತ್ತಾರೆ: ನಾಣ್ಯ ಅಡಗಿರುವ ಎಡಗೈಯನ್ನೇ ಕದ್ದು ನೋಡುತ್ತಾರೆ. ಎದುರಿನವರಿಗೆ ಅಷ್ಟು ಸಾಕು. ಜಾದೂಗಾರ ತಾನು ಖಾಲಿ ಬಲಮುಷ್ಟಿಯನ್ನೇ ನೋಡಬೇಕು. ಬರೀ ನೋಡಿದರೂ ಸಾಲದು, ಅದರೊಳಗೆ ನಾಣ್ಯವಿದೆ ಎಂದು ತಾನೇ ನಂಬಬೇಕು. ಆಗಲೇ ಮುಷ್ಟಿ ಸರಿಯಾದ ಬಿಗಿಗೆ ಬರುವುದು. ಆಮೇಲೆ ಊದಿ ಬೆರಳು ಬಿಡಿಸಿದಾಗ ಅವನ ಮುಖದಲ್ಲೂ ಒಂದಿಷ್ಟು ಆಶ್ಚರ್ಯ ಇರಬೇಕು.

ಕಣ್ಣಿನ ಈ ಮಹಿಮೆಯನ್ನು ಪ್ರಯೋಗಶಾಲೆಯಲ್ಲೂ ಅಳೆದಿದ್ದಾರೆ. ತಾನೂ ಜಾದೂ ಬಲ್ಲ ಮನೋವಿಜ್ಞಾನಿ ಗುಸ್ತಾವ್ ಕುಹ್ನ್, ಮೈಕೆಲ್ ಲ್ಯಾಂಡ್ ಜೊತೆ ಸೇರಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ನಿಜವಾಗಿ ಮೇಲೆಸೆದು ಹಿಡಿಯುತ್ತಾನೆ. ಮೂರನೇ ಸಲ ಎಸೆದಂತೆ ಕೈ ಬೀಸುತ್ತಾನೆ, ಚೆಂಡು ಕೈಯಲ್ಲೇ ಉಳಿಯುತ್ತದೆ. ಅವನ ಕಣ್ಣು ಮೇಲಕ್ಕೆ ಹೋದರೆ ನೋಡಿದವರಲ್ಲಿ ಹೆಚ್ಚಿನವರು ‘ಚೆಂಡು ಮೇಲೆ ಹೋಗಿ ಮಾಯವಾಯಿತು’ ಎಂದು ಹೇಳುತ್ತಾರೆ. ಅವನು ತನ್ನ ಕೈಯನ್ನೇ ನೋಡಿಕೊಂಡಿದ್ದರೆ ಹಾಗೆ ಹೇಳುವವರ ಸಂಖ್ಯೆ ತಟ್ಟನೆ ಇಳಿಯುತ್ತದೆ. ಇಲ್ಲದ ಚೆಂಡನ್ನು ಕಂಡೆವು ಎನ್ನುವವರ ಕಣ್ಣುಗುಡ್ಡೆಗಳು ಚೆಂಡು ‘ಮಾಯವಾದ’ ಜಾಗಕ್ಕೆ ಹೋಗಿಯೇ ಇರಲಿಲ್ಲ ಎಂಬುದು ಇನ್ನೂ ಸ್ವಾರಸ್ಯ. ಎದುರಿಗಿರುವವರು ಎತ್ತ ನೋಡುತ್ತಾರೋ ಅತ್ತ ನಮ್ಮ ಮನಸ್ಸು ಓಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ ಮಗುವಿಗೂ, ತರಗತಿಯ ನಲವತ್ತು ಜೊತೆ ಕಣ್ಣುಗಳನ್ನು ತನ್ನ ಬಲಮುಷ್ಟಿಯ ಹಿಂದೆ ಅಲೆದಾಡಿಸಿದ ಮಗುವಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಎರಡನೆಯದಕ್ಕೆ ಮುಂದೆ ಟೀವಿ ಜಾಹೀರಾತನ್ನೂ ವೇದಿಕೆಯ ಭಾಷಣವನ್ನೂ ನೋಡುವಾಗ ‘ಇವರ ಎಡಗೈ ಎಲ್ಲಿದೆ?’ ಎಂಬ ಗುಮಾನಿ ಹುಟ್ಟುತ್ತದೆ.

ಜಾದೂ ಕಲಿಸುವವರು ಮಕ್ಕಳಿಗೆ ಮೊದಲು ಹೇಳುವ ಮಾತು: ಒಂದೇ ಆಟವನ್ನು ಅದೇ ಜನರ ಮುಂದೆ ಎರಡನೇ ಸಲ ಮಾಡಬೇಡ. ‘ಇನ್ನೊಂದ್ಸಲ, ಇನ್ನೊಂದ್ಸಲ’ ಎಂಬ ಒತ್ತಾಯಕ್ಕೆ ಸೋತರೆ ಕೆಟ್ಟೆ. ಮೊದಲ ಸಲ ನೋಡುವವರಿಗೆ ಏನಾಗಲಿದೆ ಎಂದು ಗೊತ್ತಿರುವುದಿಲ್ಲ, ಎರಡನೇ ಸಲ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಎರಡನೇ ಮಾತು, ಕನ್ನಡಿ ಮುಂದೆ ಸಾಧನೆ ಮಾಡದೆ ಜನರ ಮುಂದೆ ಬರಬೇಡ. ಮೂರನೆಯದು, ಗುಟ್ಟು ಹೇಳಬೇಡ. ಹೊಗಳಿಕೆ ಕಿವಿಗೆ ಬಿದ್ದ ಮರುಗಳಿಗೆಯೇ ‘ಹೇಗೆ ಮಾಡಿದ್ದು ಗೊತ್ತಾ?’ ಎಂದು ಬಾಯಿಬಿಡುವ ಆಸೆಯನ್ನು ಹತ್ತು ವರ್ಷದ ಮಗು ತಡೆದುಕೊಳ್ಳುವುದು ಸಣ್ಣ ತಪಸ್ಸಲ್ಲ. ಮನೆಯಲ್ಲಿ ಅಜ್ಜಿಯೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ ಎಂಬ ಮಟ್ಟಕ್ಕೆ ಬಂದರೂ ದೊಡ್ಡದು.

ಕೈಗೆ ಇದರಿಂದ ಆಗುವ ಉಪಕಾರ ಬೇರೆಯೇ. ಲಂಡನ್ನಿನಲ್ಲಿ ‘ಬ್ರೀದ್ ಮ್ಯಾಜಿಕ್’ ಎಂಬ ಕಾರ್ಯಕ್ರಮವಿದೆ. ಮಿದುಳಿಗೆ ಪೆಟ್ಟಾಗಿ ದೇಹದ ಒಂದು ಪಾರ್ಶ್ವ ದುರ್ಬಲವಾಗಿರುವ ಮಕ್ಕಳಿಗೆ ಅಲ್ಲಿ ಜಾದೂ ಕಲಿಸುತ್ತಾರೆ. ಇಂಥ ಮಕ್ಕಳು ಎಲ್ಲ ಕೆಲಸಕ್ಕೂ ಚೆನ್ನಾಗಿರುವ ಕೈಯನ್ನೇ ಬಳಸಿ ಇನ್ನೊಂದನ್ನು ಮರೆತೇಬಿಡುತ್ತಾರೆ. ‘ಆ ಕೈಗೆ ವ್ಯಾಯಾಮ ಮಾಡು’ ಎಂದರೆ ಬೇಸರ. ಹಗ್ಗ ಕತ್ತರಿಸಿ ಕೂಡಿಸುವ ಆಟಕ್ಕೋ ಬಟ್ಟಲು ಮತ್ತು ಚೆಂಡುಗಳ ಆಟಕ್ಕೋ ಎರಡೂ ಕೈ ಬೇಕೇ ಬೇಕು. ಅದೇ ಚಲನೆಗಳನ್ನು ವೈದ್ಯರ ಅಪ್ಪಣೆಯೆಂದು ಮಾಡದ ಮಕ್ಕಳು ಜಾದೂಗೆಂದು ನೂರು ಸಲ ಮಾಡುತ್ತಾರೆ. ಬೆರಳ ಚಲನೆಯನ್ನು ಚಿಕಿತ್ಸಕರೂ ಆಟವನ್ನು ಜಾದೂಗಾರರೂ ಒಟ್ಟಿಗೆ ಕೂತು ಹೊಂದಿಸಿದ್ದು ಇದರ ವಿಶೇಷ.

ಹಾಗಾದರೆ ಮಕ್ಕಳಿಗೆ ಮೋಸ ಮಾಡುವುದನ್ನು ಕಲಿಸಿದಂತಾಗಲಿಲ್ಲವೇ ಎಂದು ಪೋಷಕರ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಾದೂಗಾರ ‘ನಾನೀಗ ನಿಮ್ಮ ಕಣ್ಣಿಗೆ ಮಂಕುಬೂದಿ ಎರಚುತ್ತೇನೆ’ ಎಂದು ಮೊದಲೇ ಹೇಳಿ ಎರಚುತ್ತಾನೆ, ಜನ ಒಪ್ಪಿ ಕೂರುತ್ತಾರೆ. ಅದೇ ಕೈಚಳಕವನ್ನು ದೈವಶಕ್ತಿ ಎಂದು ಮಾರಿದಾಗ ಮೋಸ. ನಮ್ಮ ನಾಡಿಗೆ ಈ ಗೆರೆ ಹೊಸದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಸತ್ಯಾಸತ್ಯ ಪರೀಕ್ಷೆಗೆಂದೇ ಸಮಿತಿ ರಚಿಸಿದರು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ ಅವರೂ ಮೂಲತಃ ಮೇಷ್ಟರೇ, ಸಸ್ಯಶಾಸ್ತ್ರದವರು. ಪವಾಡ ಮಾಡಿ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಎಂಬ ಅವರ ಸವಾಲನ್ನು ಗೆದ್ದವರಿಲ್ಲ. ಹುಲಿಕಲ್ ನಟರಾಜ್ ಶಾಲೆ ಶಾಲೆ ತಿರುಗಿ ಪವಾಡ ಬಯಲು ಮಾಡುವುದನ್ನು ನೋಡದ ಜಿಲ್ಲೆ ಕಡಿಮೆ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಕಾಯ್ದೆಯೂ ಆಯಿತು.

ಪವಾಡ ಬಯಲು ಮಾಡುವ ಈ ಕಾರ್ಯಕ್ರಮಗಳ ಬಗ್ಗೆ ನನಗೆ ಗೌರವವಿದೆ. ಆದರೂ ಅಲ್ಲಿಯೂ ಮಗು ಕೆಳಗೆ ಕೂತ ಪ್ರೇಕ್ಷಕನೇ. ಪವಾಡ ಬಯಲಾಯಿತು ಎಂದು ಚಪ್ಪಾಳೆ ತಟ್ಟಿದ ಹುಡುಗನಿಗೆ ನಾಳೆ ಬೇರೆ ಪವಾಡ ಎದುರಾದಾಗ ಅದನ್ನು ತಾನೇ ಬಿಡಿಸುವ ಕಸುಬು ಕೈಗೆ ಬಂದಿರುವುದಿಲ್ಲ. ಅರಿಸಿನ ಸವರಿದ ಬಿಳಿ ಕಾಗದದ ಮೇಲೆ ಸುಣ್ಣದ ತಿಳಿನೀರು ಚಿಮುಕಿಸಿ ‘ರಕ್ತ’ ಬರಿಸುವುದನ್ನು ಆರನೇ ತರಗತಿಯವರೂ ಮಾಡಬಲ್ಲರು. ಅಡುಗೆಮನೆಯ ಅರಿಸಿನ, ಎಲೆಅಡಿಕೆ ತಟ್ಟೆಯ ಸುಣ್ಣ, ಅಷ್ಟೇ ಸಾಮಗ್ರಿ. ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಮೊದಲು ಕಥೆ ಕಟ್ಟಿ ಬೆರಗುಗೊಳಿಸಲಿ, ಆಮೇಲೆ ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಬರಲಿ. ವಿಜ್ಞಾನದ ಮೇಷ್ಟರು ಹಿಂದಿನಿಂದ ಮುಂದಕ್ಕೆ ಹೋಗುವುದನ್ನು, ಅಂದರೆ ಸೂತ್ರ ಬರೆಸಿ ಆಮೇಲೆ ಪ್ರಯೋಗ ತೋರಿಸುವುದನ್ನು, ಈ ಒಂದು ದಿನವಾದರೂ ಬಿಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಂಕಿಯ ಪವಾಡಗಳು ಮಕ್ಕಳ ಕೈಗೆ ಬೇಡ. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಬಿದ್ದರೆ ಕಡ್ಡಿ ಗೀರದೆಯೇ ಉರಿ ಹತ್ತುತ್ತದೆ. ಎಷ್ಟು ಹೊತ್ತಿಗೆ ಹತ್ತುತ್ತದೆ ಎಂದು ಮೊದಲೇ ಹೇಳಲಾಗದು. ತಡವಾಯಿತೆಂದು ಬಗ್ಗಿ ನೋಡುವ ಮುಖಕ್ಕೆ ಅದೇ ಅಪಾಯ. ನಾಲಿಗೆ ಮೇಲೆ ಕರ್ಪೂರ ಉರಿಸುವುದೂ ಅಷ್ಟೇ. ಇವನ್ನು ಬಲ್ಲವರು ಮಾಡಲಿ. ಮಕ್ಕಳ ಜಾದೂಗೆ ಹಗ್ಗ, ನಾಣ್ಯ, ಇಸ್ಪೀಟಿನ ಎಲೆ (ಹಿರಿಯರು ಒಪ್ಪಿದರೆ), ಕಾಗದ, ಲೋಟದ ನೀರು ಬೇಕಾದಷ್ಟಾಯಿತು. ಇಸ್ಪೀಟು ಬೇಡವೆನ್ನುವ ಶಾಲೆಯಲ್ಲಿ ಸಂಖ್ಯೆ ಬರೆದ ರಟ್ಟಿನ ಚೀಟಿಗಳೂ ಅದೇ ಕೆಲಸ ಮಾಡುತ್ತವೆ.

ಶಾಲೆಯ ಹುಡುಗನಾಗಿ ಶುರು ಮಾಡಿದವರಲ್ಲಿ ದೊಡ್ಡ ಹೆಸರು ಪಿ.ಸಿ. ಸರ್ಕಾರ್ (1913–1971). ಈಗ ಬಾಂಗ್ಲಾದೇಶದಲ್ಲಿರುವ ಟಾಂಗೈಲ್ ಕಡೆಯವರು. ಶಾಲಾ ದಿನಗಳಲ್ಲೇ ಗಣಪತಿ ಚಕ್ರವರ್ತಿ ಎಂಬ ಹಿರಿಯ ಜಾದೂಗಾರರ ಬೆನ್ನು ಬಿದ್ದು ಕಲಿತರು. ಕಾಲೇಜಿನಲ್ಲಿ ಓದಿದ್ದು ಗಣಿತ. ಮಹಾರಾಜರಂತೆ ಪೇಟ ತೊಟ್ಟು ಜಗತ್ತು ಸುತ್ತಿ, ಕೊನೆಗೆ ಪ್ರದರ್ಶನಕ್ಕೆಂದು ಹೋಗಿದ್ದ ಜಪಾನಿನಲ್ಲೇ ತೀರಿಕೊಂಡರು. ನಮ್ಮ ಕರಾವಳಿಯ ಕುದ್ರೋಳಿ ಗಣೇಶ್, ಪ್ರಹ್ಲಾದ ಆಚಾರ್ಯ ಅವರನ್ನು ಓದುಗರು ನೋಡಿಯೇ ಇರುತ್ತಾರೆ. ಪ್ರಹ್ಲಾದ ಆಚಾರ್ಯರು ಬರಿಗೈ ಬೆರಳುಗಳ ನೆರಳಿನಲ್ಲೇ ಪ್ರಾಣಿಗಳನ್ನೂ ಮನುಷ್ಯರನ್ನೂ ಗೋಡೆ ಮೇಲೆ ತರಬಲ್ಲರು. ಜಾದೂ ಮತ್ತು ಗೊಂಬೆಯಾಟ ಕೈಕುಲುಕುವುದು ಇಂಥ ಕಡೆ. ಕರೆಂಟು ಹೋದ ರಾತ್ರಿ ಮೇಣದಬತ್ತಿ ಎದುರು ಮೊಲ, ನಾಯಿ ಮಾಡಿದ ಪ್ರತಿ ಮಗುವೂ ಈ ಕಲೆಯ ಮೊದಲ ಮೆಟ್ಟಿಲು ಹತ್ತಿದೆ.

ಗೊಂಬೆಯ ಕಡೆ ಬರೋಣ. ಇಲ್ಲಿ ನಮ್ಮದು ಬಡ ನಾಡಲ್ಲ. ಉತ್ತರ ಮತ್ತು ಮಧ್ಯ ಕರ್ನಾಟಕದ ತೊಗಲುಗೊಂಬೆಯಾಟ, ಕರಾವಳಿಯ ಯಕ್ಷಗಾನ ಗೊಂಬೆಯಾಟ, ಮಾಗಡಿ ಕಡೆಯ ಸಲಾಕೆ ಗೊಂಬೆ, ಎಲ್ಲಕ್ಕೂ ಬೇರೆ ಬೇರೆ ಮೈಕಟ್ಟು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಮರದ ಗೊಂಬೆಗಳಿಗೆ ಯಕ್ಷಗಾನದ ವೇಷ ತೊಡಿಸಿ, ಭಾಗವತಿಕೆ, ಚೆಂಡೆ, ಮದ್ದಳೆ ಸಮೇತ ಇಡೀ ಪ್ರಸಂಗ ಆಡಿಸುತ್ತಾರೆ. ಆ ಮನೆಯ ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಮಾಗಡಿಯ ಎಂ.ಆರ್. ರಂಗನಾಥರಾವ್ ಅವರಿಗೂ ಅದೇ ಗೌರವ ಸಂದಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ರಾಮಾಯಣ ಆಡಿಸುತ್ತಿದ್ದ ತೊಗಲುಗೊಂಬೆಗಳ ಪರದೆ ಮೇಲೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂದಾಗ ಪತ್ರಿಕೆಗಳೆಲ್ಲ ಫೋಟೊ ಹಾಕಿದವು.

ಭೀಮವ್ವನವರು ಈ ಕೆಲಸಕ್ಕೆ ಕೈ ಹಚ್ಚಿದ್ದು ಹದಿಹರೆಯದಲ್ಲಿ. ಅವರ ಸಮುದಾಯದಲ್ಲಿ ಕಲೆ ಕಲಿಯುವ ಶಾಲೆ ಎಂದರೆ ಪರದೆಯ ಹಿಂದಿನ ಜಾಗ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಒಡವೆ ಇರಬೇಕಾದ ಕಡೆ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಾಕುತ್ತಾರೆ. ಹಿಂದೆ ಹರಳೆಣ್ಣೆ ದೀಪ, ಈಗ ಬಲ್ಬು. ರಾಜರಿಗೂ ದೇವರಿಗೂ ದೊಡ್ಡ ಗೊಂಬೆ, ಸೇವಕರಿಗೆ ಸಣ್ಣದು. ಮನೆಯ ದೊಡ್ಡವರು ಹಾಡಿ ಕುಣಿಸುವಾಗ ಮಕ್ಕಳು ಸರತಿಯ ಗೊಂಬೆ ಎತ್ತಿಕೊಡುತ್ತ, ತಾಳ ಹಾಕುತ್ತ ಇಡೀ ರಾತ್ರಿಯ ಕಥೆಯನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಊರೂರು ಅಲೆಯುವ ಆ ಬದುಕಿನಲ್ಲಿ ಅಕ್ಷರದ ಶಾಲೆ ಅವರಿಗೆ ದಕ್ಕಿದ್ದು ಕಡಿಮೆ. ಇತ್ತ ಅಕ್ಷರದ ಶಾಲೆಗೆ ಅವರ ಕಲೆಯೂ ದಕ್ಕಲಿಲ್ಲ. ನಷ್ಟ ಎರಡೂ ಕಡೆಗೆ ಆಗಿದೆ. ಆದರೆ ನಾವು ಲೆಕ್ಕ ಹಾಕುವಾಗ ಅವರದ್ದನ್ನು ಮಾತ್ರ ‘ಹಿಂದುಳಿದಿರುವಿಕೆ’ ಎಂದು ಬರೆದುಕೊಳ್ಳುತ್ತೇವೆ.

ಶಾಲೆಯ ಮಗುವಿಗೆ ತೊಗಲುಗೊಂಬೆಯೇ ಬೇಕೆಂದಿಲ್ಲ. ಸಮವಸ್ತ್ರದ ಹರಿದ ಕಾಲುಚೀಲ, ಎರಡು ಗುಂಡಿ, ಒಂದಿಷ್ಟು ನೂಲು ಸಾಕು. ಕೈಗವಸಿನ ಗೊಂಬೆ ಮಾಡುವುದಾದರೆ ತಲೆಗೆ ಹಳೇ ಪೇಪರು. ಪೇಪರನ್ನೂ ಮೆಂತ್ಯವನ್ನೂ ನೆನೆಹಾಕಿ, ರುಬ್ಬಿ, ಬುಟ್ಟಿ ಮಾಡುತ್ತಿದ್ದ ಅಜ್ಜಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅದೇ ಹಿಟ್ಟನ್ನು ಸಣ್ಣ ಬಲೂನಿನ ಮೇಲೆ ಮೆತ್ತಿ ಒಣಗಿಸಿದರೆ ತಲೆ ತಯಾರು. ಮೆಂತ್ಯದ ಕಹಿಗೆ ಹುಳ ಹಿಡಿಯುವುದಿಲ್ಲ. ತೋರುಬೆರಳು ಕುತ್ತಿಗೆಗೆ, ಹೆಬ್ಬೆರಳೂ ನಡುಬೆರಳೂ ಎರಡು ಕೈಗೆ. ಬೆರಳು ಬಗ್ಗಿಸಿದರೆ ಗೊಂಬೆ ‘ಹೂಂ’ ಎನ್ನುತ್ತದೆ. ಮಣಿಕಟ್ಟು ಅಲ್ಲಾಡಿಸಿದರೆ ‘ಊಹೂಂ’.

ಇಲ್ಲೊಂದು ಕಟ್ಟಳೆಯಿದೆ, ಕಲಿಯದವರು ಇದರಲ್ಲೇ ಎಡವುವುದು: ಮಾತಾಡುವ ಗೊಂಬೆ ಮಾತ್ರ ಅಲ್ಲಾಡಬೇಕು, ಕೇಳುವ ಗೊಂಬೆ ಸುಮ್ಮನೆ ಅದರ ಮುಖ ನೋಡುತ್ತಿರಬೇಕು. ಎರಡೂ ಕುಣಿದರೆ ಯಾವ ಮಾತು ಯಾರದ್ದೆಂದು ಎದುರಿನವರಿಗೆ ತಿಳಿಯುವುದಿಲ್ಲ. ಅಂದರೆ ಗೊಂಬೆಯಾಟ ಕಲಿಯುವ ಮಗು ಮಾತಿಗಿಂತ ಹೆಚ್ಚಾಗಿ ಕೇಳಿಸಿಕೊಳ್ಳುವುದನ್ನು ಕಲಿಯಬೇಕಾಗುತ್ತದೆ. ಎಡಗೈ ಮಾತಾಡುವಾಗ ಬಲಗೈಯನ್ನು ಸುಮ್ಮನಿರಿಸುವುದು ಎಷ್ಟು ಕಷ್ಟ ಎಂದು ಈಗಲೇ ಎರಡು ಕರವಸ್ತ್ರ ಸುತ್ತಿಕೊಂಡು ಪರೀಕ್ಷಿಸಿ ನೋಡಬಹುದು.

ಹಾಸನದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಎರಡು ಬೆಂಚಿನ ನಡುವೆ ಮೇಷ್ಟರ ಪಂಚೆ ಕಟ್ಟಿ ಮಕ್ಕಳು ಆಡಿಸಿದ ಗೊಂಬೆಯಾಟ ನೋಡಿದ್ದೇನೆ. ಹಾಜರಿ ಕೂಗಿದಾಗ ‘ಎಸ್ ಸಾರ್’ ಎನ್ನುವುದೂ ಕೇಳಿಸದಂಥ ಹುಡುಗಿಯೊಬ್ಬಳು ಆ ತರಗತಿಯಲ್ಲಿದ್ದಳು. ಅವಳ ಕೈಯಲ್ಲಿದ್ದದ್ದು ಅಜ್ಜಿ ಗೊಂಬೆ. ಪಂಚೆಯ ಹಿಂದಿನಿಂದ ಅದು ‘ಏನ್ಲಾ, ಹಟ್ಟೀಗೆ ಬಂದೋರ್ಗೆ ಒಂದ್ ಲೋಟ ನೀರ್ ಕೊಡಾಕೂ ಬರಾಕಿಲ್ವಾ?’ ಎಂದು ಗದರಿದಾಗ ಎದುರು ಕೂತಿದ್ದ ಬಿಇಒ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಅವರಿಗೆ ಆವರೆಗೂ ನೀರು ಕೊಟ್ಟಿರಲಿಲ್ಲ, ನಿಜ. ಆಟ ಮುಗಿದು ಪಂಚೆ ಬಿಚ್ಚಿದಾಗ ಹುಡುಗಿ ಮತ್ತೆ ಮೊದಲಿನಂತೆಯೇ ತಲೆ ತಗ್ಗಿಸಿದಳು. ಗೊಂಬೆ ಅವಳನ್ನು ಒಂದೇ ದಿನದಲ್ಲಿ ಮಾತಿನಮಲ್ಲಿ ಮಾಡಿತು ಎಂದು ನಾನು ಹೇಳಲಾರೆ. ದನಿ ಇದೆ ಎಂಬುದು ಇಡೀ ಶಾಲೆಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಮಾತನಾಡುವ ಗೊಂಬೆ. ಪರದೆಯಿಲ್ಲ, ಗೊಂಬೆ ತೊಡೆ ಮೇಲೆ, ಆಡಿಸುವವರ ತುಟಿ ಅಲ್ಲಾಡುವಂತಿಲ್ಲ. ಕನ್ನಡದ ಮಗುವಿಗೆ ಇಲ್ಲೊಂದು ಸೌಕರ್ಯವಿದೆ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಕವರ್ಗ ಗಂಟಲ ಬುಡದಲ್ಲಿ, ತವರ್ಗ ಹಲ್ಲಿನ ಹಿಂದೆ, ಪವರ್ಗ ತುಟಿಯಲ್ಲಿ. ತುಟಿ ತುಸು ತೆರೆದು, ಹಲ್ಲು ಹಗುರವಾಗಿ ಕೂಡಿಸಿ ಕ, ಚ, ಟ, ತ ವರ್ಗಗಳನ್ನು ಹೇಳಿ ನೋಡಿ, ಸರಾಗವಾಗಿ ಬರುತ್ತವೆ. ಪ, ಫ, ಬ, ಭ, ಮ ಬಂದಾಗ ಸಿಕ್ಕಿಬಿದ್ದೆವು. ಅಪ್ಪ, ಅಮ್ಮ, ಬಾ, ಬೇಡ, ಮನೆ, ಮಾವ: ಗೊಂಬೆ ಆಡಬೇಕಾದ ಮಾತುಗಳಲ್ಲೆಲ್ಲ ಈ ಹಾಳು ಪವರ್ಗವೇ. ಆಡಿಸುವವರು ‘ಪ’ಕ್ಕೆ ‘ತ’, ‘ಬ’ಕ್ಕೆ ‘ದ’, ‘ಮ’ಕ್ಕೆ ‘ನ’ ಹಾಕಿ, ನಾಲಿಗೆಯನ್ನು ಹಲ್ಲಿನ ಹಿಂದೆ ಮೆತ್ತಗೆ ಒತ್ತಿ, ಕೇಳುವವರ ಕಿವಿ ತಾನೇ ತಿದ್ದಿಕೊಳ್ಳುವಂತೆ ಮಾಡುತ್ತಾರೆ. ‘ಅನ್ನ ಎಲ್ಲಿ?’ ಎಂದದ್ದು ‘ಅಮ್ಮ ಎಲ್ಲಿ?’ ಎಂದು ಕೇಳಿಸಬೇಕು. ಹಸಿದ ಗೊಂಬೆಯಾದರೆ ಎರಡೂ ನಡೆಯುತ್ತದೆ. ವ್ಯಾಕರಣದ ಪಾಠದಲ್ಲಿ ಓಷ್ಠ್ಯ, ದಂತ್ಯ ಎಂದು ಉರು ಹೊಡೆದ ಮಗುವಿಗೆ ಅವು ಯಾಕೆ ಹಾಗೆಂದು ತಿಳಿಯುವುದು ಆಗಲೇ.

ಹದಿಹರೆಯದ ಗೊಂಬೆಯಾಟ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಕೊಡದೆ ಇರಲಾರೆ. ಅಮೆರಿಕದ ಮೇರಿಲ್ಯಾಂಡಿನ ಹೈಸ್ಕೂಲು ಹುಡುಗ ಜಿಮ್ ಹೆನ್ಸನ್‌ಗೆ ಗೊಂಬೆ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಟೆಲಿವಿಷನ್. 1954ರಲ್ಲಿ ಊರಿನ ಟೀವಿ ಕೇಂದ್ರಕ್ಕೆ ಗೊಂಬೆ ಆಡಿಸುವ ಹುಡುಗರು ಬೇಕೆಂದು ತಿಳಿದದ್ದೇ ತಡ, ಗ್ರಂಥಾಲಯದಿಂದ ಪುಸ್ತಕ ತಂದು ಓದಿ, ಗೊಂಬೆ ಮಾಡಿಕೊಂಡು ಹೋದ. ಮರುವರ್ಷ ಅಮ್ಮನ ಹಳೇ ಹಸಿರು ಕೋಟು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಟ್ಟು ಹೊಲಿದ ಗೊಂಬೆಯೇ ಮುಂದೆ ಕರ್ಮಿಟ್ ಕಪ್ಪೆಯಾಗಿ ಜಗತ್ತಿಗೆಲ್ಲ ಗೊತ್ತಾಯಿತು. 1969ರಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ ಕಾರ್ಯಕ್ರಮಕ್ಕೆ ಗೊಂಬೆಗಳನ್ನು ಕೊಟ್ಟವನೂ ಅವನೇ. ನಮ್ಮ ‘ಗಲಿ ಗಲಿ ಸಿಮ್ ಸಿಮ್’ ಅದರ ಭಾರತೀಯ ರೂಪ. ಕೋಟು ಹಾಳು ಮಾಡಿದ್ದಕ್ಕೆ ಅಮ್ಮ ಏನೆಂದರೋ.

ಗೊಂಬೆಯನ್ನು ತರಗತಿಗೆ ತರುವ ಯೋಚನೆಗೆ ನಮ್ಮಲ್ಲಿ ಕೊರತೆಯಿಲ್ಲ. 1979ರಲ್ಲಿ ದೆಹಲಿಯಲ್ಲಿ ಸಿಸಿಆರ್‌ಟಿ, ಅಂದರೆ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಹುಟ್ಟಿತು. ಅ‍ದರ ಹಿಂದಿದ್ದವರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. ಶಿಕ್ಷಣದಲ್ಲಿ ಗೊಂಬೆಯಾಟದ ಪಾತ್ರ ಎಂಬ ವಿಷಯದ ಮೇಲೆ ಅಲ್ಲಿ ದೇಶದ ಎಲ್ಲ ಮೂಲೆಯ ಶಿಕ್ಷಕರಿಗೂ ತರಬೇತಿ ಕೊಡುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪುಟ್ಟ ಮಕ್ಕಳ ಕಲಿಕೆಯ ಪಟ್ಟಿಯಲ್ಲಿ ಗೊಂಬೆಯಾಟವನ್ನು ಹೆಸರಿಸಿದೆ. ಬೆಂಗಳೂರಿನಲ್ಲಿ ಅನುಪಮಾ ಹೊಸಕೆರೆಯವರ ‘ಧಾತು’ ಸಂಸ್ಥೆ ಮಕ್ಕಳನ್ನು ಕೂರಿಸಿಕೊಂಡು ಮರದ ಗೊಂಬೆ ಕೆತ್ತುವುದರಿಂದ ಆಡಿಸುವವರೆಗೆ ಕಲಿಸುತ್ತದೆ.

ಇಷ್ಟೆಲ್ಲ ಇದ್ದೂ ಶಾಲೆಯ ಗೊಂಬೆ ಯಾಕೆ ಸಪ್ಪೆ? ನನ್ನ ಪ್ರಕಾರ ಕಾರಣ ಒಂದೇ, ಸಂದೇಶದ ಹಾವಳಿ. ತರಬೇತಿ ಮುಗಿಸಿ ಬಂದ ಶಿಕ್ಷಕರು ಗೊಂಬೆಯನ್ನು ಕೈಗೆ ತೊಟ್ಟ ತಕ್ಷಣ ಅದು ಉಪದೇಶಕ್ಕೆ ಇಳಿಯುತ್ತದೆ. ಸೋಪಿನಿಂದ ಕೈ ತೊಳೆಯಿರಿ, ಗಿಡ ನೆಡಿ, ಪ್ಲಾಸ್ಟಿಕ್ ಬಳಸಬೇಡಿ. ಒಳ್ಳೆಯ ಮಾತುಗಳೇ. ಆದರೆ ಅವನ್ನು ಹೇಳಲು ಗೋಡೆಬರಹ ಸಾಕಲ್ಲ! ನಮ್ಮ ತೊಗಲುಗೊಂಬೆಯಾಟದಲ್ಲಿ ರಾಮನೂ ರಾವಣನೂ ಎಷ್ಟೇ ಗಂಭೀರವಾಗಿ ಕಾದಾಡಲಿ, ನಡುವೆ ವಿದೂಷಕ ಕಿಳ್ಳೇಕ್ಯಾತ ಬಂದೇ ಬರುತ್ತಾನೆ, ಜೊತೆಗೆ ಅವನ ಜೋಡಿ ಬಂಗಾರಕ್ಕ. ಇಬ್ಬರೂ ಊರ ಗೌಡರನ್ನೂ ಬಿಡುವುದಿಲ್ಲ, ದೇವರನ್ನೂ ಬಿಡುವುದಿಲ್ಲ. ಪೋಲಿತನಕ್ಕೆ ಅವರಲ್ಲಿ ಬರವಿಲ್ಲ, ಅಷ್ಟನ್ನೂ ಶಾಲೆಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಕೀಟಲೆಯ ಹಕ್ಕನ್ನಾದರೂ ತನ್ನಿ. ಹೋಂವರ್ಕ್ ಮಾಡದ ಗೊಂಬೆ, ಬಿಸಿಯೂಟದ ಸಾರು ನೀರಾಯಿತು ಎನ್ನುವ ಗೊಂಬೆ, ಹೆಡ್ಮಿಸ್ ನಡೆಯುವ ಹಾಗೆ ನಡೆಯುವ ಗೊಂಬೆ ತರಗತಿಯಲ್ಲಿ ಹುಟ್ಟಲಿ. ಕಥೆಯನ್ನು ಮಕ್ಕಳೇ ಕಟ್ಟಲಿ. ಕೈ ತೊಳೆಯುವ ಮಾತು ಬರುವುದಿದ್ದರೆ ಗೊಂಬೆಯ ಕೈಗೆ ಸಾರು ಮೆತ್ತಿಕೊಂಡಾಗ ತಾನೇ ಬರುತ್ತದೆ.

ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ನಮ್ಮಲ್ಲಿ ಅದು ಪರೀಕ್ಷೆಯ ಕಾಲ, ಶಾಲೆಗಳಿಗೆ ಪುರುಸೊತ್ತಿಲ್ಲ. ಅದಕ್ಕೆ ಕಾಯಬೇಕಾಗಿಯೂ ಇಲ್ಲ. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ವರ್ಷದಲ್ಲಿ ಹತ್ತು ದಿನ ಬ್ಯಾಗಿಲ್ಲದೆ ಕರಕುಶಲಿಗರು, ಕಲಾವಿದರ ಜೊತೆ ಕಲಿಯುವ ಅವಕಾಶ ಇರಬೇಕೆಂದು ಶಿಕ್ಷಣ ನೀತಿಯೇ ಹೇಳಿದೆ. ಅದರಲ್ಲಿ ಎರಡು ದಿನ ಕೇಳುತ್ತಿದ್ದೇನೆ. ಒಂದು ದಿನ ನಾಣ್ಯ, ಹಗ್ಗ, ಅರಿಸಿನ ಸುಣ್ಣಕ್ಕೆ. ಇನ್ನೊಂದು ದಿನ ಗೊಂಬೆಗೆ. ನಿಮ್ಮ ಜಿಲ್ಲೆಯಲ್ಲಿ ತೊಗಲುಗೊಂಬೆಯ ಮನೆತನವಿದ್ದರೆ ಅವರನ್ನು ಕರೆಯಿರಿ. ಪ್ರದರ್ಶನ ಮುಗಿದ ಮೇಲೆ ಪರದೆಯ ಹಿಂದಕ್ಕೆ ಮಕ್ಕಳನ್ನು ಬಿಡುವಂತೆ ಕೇಳಿಕೊಳ್ಳಿ, ಸಂತೋಷದಿಂದ ಬಿಡುತ್ತಾರೆ. ಕರೆದ ಮೇಲೆ ಶಾಲು ಹಾರ ಹಾಕಿ ಫೋಟೊ ತೆಗೆಸಿ ಕಳಿಸಬೇಡಿ. ಮಾತಾಡಿದ ಸಂಭಾವನೆಯನ್ನು, ಹೋಗಿಬರುವ ಗಾಡಿ ಬಾಡಿಗೆ ಸಮೇತ, ಅವತ್ತೇ ಕೈಗೆ ಕೊಡಿ.